ಎರಡು ಕೊಂಡಿ ಹೆಚ್ಚಿಗೆ

ಕಚೇರಿಯಲ್ಲಿ ನನ್ನ ಮೇಜಿನ ಖಾನೆ ಎಳೆದರೆ ಮೊದಲು ಕಾಣುವುದು ಸೈಕಲ್ ಚೈನಿನ ಒಂದು ತುಂಡು. ಉದ್ದ ಒಂದು ಗೇಣಿಗೆ ತುಸು ಕಡಿಮೆ. ಒಂದು ದಿನವೂ ಓಡಿದ್ದಲ್ಲವಾದ್ದರಿಂದ ಇನ್ನೂ ಫಳಫಳ ಹೊಳೆಯುತ್ತದೆ. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದವರಿಗೆ, ನಕಾಶೆಯ ಸುರುಳಿ ಮಡಚಿಕೊಳ್ಳದಂತೆ ಮೇಲೆ ಭಾರ ಇಡುವುದಕ್ಕೆ ಎಂದು ಹೇಳುತ್ತೇನೆ. ಪೂರ್ತಿ ಸುಳ್ಳಲ್ಲ. ಆದರೆ ನಕಾಶೆಯ ಮೇಲೆ ಭಾರ ಇಡಲು ನಮ್ಮ ಕಚೇರಿಯಲ್ಲಿ ಬಾಕಿ ಕಡತಗಳೇ ಬೇಕಾದಷ್ಟಿವೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಅದು ನಾನು ಕಡಿಯಬಾರದಷ್ಟು ಕಡಿದ ಚೈನು.

ನಾನು ಹೊಲ ಅಳೆಯುವ ಇಲಾಖೆಯವನು. ಇಪ್ಪತ್ನಾಲ್ಕು ವರ್ಷಗಳಿಂದ ಧಾರವಾಡದ ಸುತ್ತಲಿನ ಎರೆಹೊಲಗಳಲ್ಲಿ ಚಪ್ಪಲಿಗೆ ಮೂರು ಮೂರು ಸೇರು ಮಣ್ಣು ಮೆತ್ತಿಸಿಕೊಂಡು ಓಡಾಡಿದ್ದೇನೆ. ಹೀಗಾಗಿ ಅಳತೆಯೆಂದರೆ ಇವನಿಗೆ ನೀರು ಕುಡಿದಷ್ಟು ಸಲೀಸು ಎಂದು ನೀವು ತಿಳಿದರೆ ತಪ್ಪು ನಿಮ್ಮದಲ್ಲ. ನನ್ನ ಹೆಂಡತಿಯ ತವರಿನವರೂ ಹಾಗೆಯೇ ತಿಳಿದಿದ್ದರು. ಅಳೆಯುವುದು ಬೇರೆ, ಕಡಿಯುವುದು ಬೇರೆ. ನಾವು ಅಳೆದು, ಕಾಗದದ ಮೇಲೆ ಗೆರೆ ಎಳೆದು, ಸಹಿ ಮಾಡಿ ಬಂದುಬಿಡುತ್ತೇವೆ. ಆ ಗೆರೆಯ ಮೇಲೆ ಬದು ಹಾಕುವುದು, ಬದು ಒಡೆಯುವುದು, ಆಮೇಲೆ ತಲೆ ಒಡೆಯುವುದು ಎಲ್ಲ ಬೇರೆಯವರ ಕೆಲಸ. ಗೆರೆ ತಪ್ಪೆನಿಸಿದರೆ ಮರು ಅಳತೆಗೆ ಅರ್ಜಿ ಹಾಕಬಹುದು. ಚೈನಿಗೆ ಅಂಥ ಅನುಕೂಲ ಇಲ್ಲ.

ನಾನು ಚೈನು ಕಡಿಯುವ ಪರಿಸ್ಥಿತಿಗೆ ಬಂದದ್ದು ನಮ್ಮಕ್ಕನಿಂದ. ಅಥವಾ ನನ್ನಿಂದಲೇ. ಅದೂ ಒಂದು ಗಡಿ ತಕರಾರು.

ಸರೋಜಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಾನು ಎರಡನೆಯ ಇಯತ್ತೆಗೆ ಹೋಗುವಾಗ ಅವಳಿಗೆ ಅಪ್ಪ ಒಂದು ನೀಲಿ ಲೇಡೀಸ್ ಸೈಕಲ್ ಕೊಡಿಸಿದ್ದರು. ಹಿಂದಿನ ಗಾಲಿಗೆ ಲಂಗ ಸಿಗದಿರಲೆಂದು ಜಾಳಿಗೆ ಹೆಣೆದಿತ್ತು. ಅದರ ಕ್ಯಾರಿಯರಿನ ಮೇಲೆ ನಾಲ್ಕು ಮಡಿಕೆಯ ಗೋಣಿತಟ್ಟು, ಗೋಣಿತಟ್ಟಿನ ಮೇಲೆ ನಾನು, ನನ್ನ ತೊಡೆಯ ಮೇಲೆ ಇಬ್ಬರ ಪಾಟೀಚೀಲ. ಸಾಲೆಯ ದಾರಿಯಲ್ಲಿ ಎರಡೂ ಕಡೆ ಹುಣಸೆಮರಗಳಿದ್ದ ಒಂದು ದಿಬ್ಬ ಬರುತ್ತಿತ್ತು. ಧಾರವಾಡದಲ್ಲಿ ದಿಬ್ಬಕ್ಕೇನು ಕೊರತೆ, ಆದರೆ ಅದು ನಮ್ಮ ದಿಬ್ಬ. ದಿಬ್ಬ ಶುರುವಾದ ಕೂಡಲೇ ಅಕ್ಕ ಸೈಕಲ್ಲಿನಿಂದ ಇಳಿಯುತ್ತಿದ್ದಳು. ನಾನು ಇಳಿಯುತ್ತಿರಲಿಲ್ಲ.

“ಇಳಿಯಲೇ ಸುರ್ಯಾ, ಭಾರ ಆಗತೈತಿ.”

“ಕಾಲ ನೋಯಾಕತ್ತಾವಕ್ಕಾ.”

“ಕುಂತವಂಗ ಹೆಂಗ ನೋಯತಾವು?”

“ಕುಂತ ಕುಂತ ನೋಯಾಕತ್ತಾವು.”

ಹೀಗೆ ದಿನವೂ ನಡೆಯುತ್ತಿತ್ತು. ಅವಳು ಹ್ಯಾಂಡಲ್ ಹಿಡಿದು ದೂಡುತ್ತಿದ್ದಳು. ನಾನು ಮೇಲೆ ಕುಳಿತು ಹುಣಸೆಕಾಯಿ ಎಷ್ಟಾಗಿವೆ ಎಂದು ನೋಡಿಕೊಳ್ಳುತ್ತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು.

ಅಕ್ಕ ಹತ್ತನೆಯ ಇಯತ್ತೆಗೆ ಬಂದ ವರ್ಷ ಒಂದು ದಿನ ಊಟ ಮಾಡುತ್ತ ಅಪ್ಪ, “ಇನ್ನ ಸರೂ ಬಸ್ಸಿನಾಗ ಹೋಗಲಿ. ಸೈಕಲ್ ಸುರ್ಯಾಗ ಆಗತೈತಿ” ಎಂದರು. ಅದಕ್ಕೆ ಕಾರಣ ಕೇಳುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಅಕ್ಕ ಕೇಳಲಿಲ್ಲ. ನಾನಂತೂ ಕೇಳುವ ಮಾತೇ ಇಲ್ಲ, ಮಜ್ಜಿಗೆ ಹಾಕಿಸಿಕೊಳ್ಳುತ್ತಿದ್ದೆ. ಮರುದಿನ ಅವಳು ಸೈಕಲ್ಲನ್ನು ಎಣ್ಣೆಯ ಬಟ್ಟೆಯಿಂದ ಒರೆಸಿ, ಗಾಲಿಗೆ ಗಾಳಿ ಹಾಕಿ, ನನ್ನ ಹತ್ತಿರ ನಿಲ್ಲಿಸಿ ಹೋದಳು. ನಾನು ಅದನ್ನು ಹೊಡೆದದ್ದು ಒಟ್ಟು ನಾಲ್ಕು ದಿನ. ಲೇಡೀಸ್ ಸೈಕಲ್ ಎಂದು ಹುಡುಗರು ನಗುತ್ತಾರೆ ಎಂದು ಮನೆಯಲ್ಲಿ ಹೇಳಿದೆ. ನಿಜವಾದ ಕಾರಣ ಲಾರಿಗಳು. ಹಿಂದಿನಿಂದ ಲಾರಿಯ ಸಪ್ಪಳ ಕೇಳಿದರೆ ನಾನು ಇಳಿದು, ಸೈಕಲ್ಲನ್ನೂ ರಸ್ತೆಯಿಂದ ಇಳಿಸಿ, ಲಾರಿ ಹೋದ ಮೇಲೆ ಇನ್ನೊಂದು ಬರಬಹುದೆಂದು ಸ್ವಲ್ಪ ಕಾಯುತ್ತಿದ್ದೆ. ಹೀಗೆ ಹೋದರೆ ಸಾಲೆ ಬಿಡುವ ಹೊತ್ತಿಗೆ ಸಾಲೆ ಮುಟ್ಟುತ್ತಿದ್ದೆ. ಸೈಕಲ್ ಹಿತ್ತಲ ಗೋಡೆಗೆ ಒರಗಿ ತುಕ್ಕು ಹಿಡಿಯಿತು. ಕೊನೆಗೆ ಅವ್ವ ಅದನ್ನು ಪಾತ್ರೆಯವಳಿಗೆ ಕೊಟ್ಟು ಮುಚ್ಚಳ ಸರಿಯಾಗಿ ಕೂಡದ ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡಳು.

ಅಕ್ಕ ಈಗ ಹೆಬ್ಬಳ್ಳಿಯ ಸಾಲೆಯಲ್ಲಿ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಮಳೆಗಾಲಕ್ಕೆ ಮೊದಲು ಒಂದು ರವಿವಾರ ನಮ್ಮ ಮನೆಗೆ ಊಟಕ್ಕೆ ಬಂದಾಗ, ಡಾಕ್ಟರು ತನಗೆ ವಾಕಿಂಗ್ ಹೇಳಿದ್ದಾರೆಂದೂ, ಸುಮ್ಮನೆ ನಡೆಯುವುದು ತನಗೆ ಬೇಸರವೆಂದೂ ಹೇಳಿದಳು. ನನ್ನ ಬಾಯಿಂದ, “ಸೈಕಲ್ ತರಲೇನಕ್ಕಾ?” ಎಂದು ಬಂದುಬಿಟ್ಟಿತು. ಬಂದ ಕೂಡಲೇ ಲಾರಿಗಳ ನೆನಪಾಗಿ ಹಿಂದಕ್ಕೆ ತೆಗೆದುಕೊಳ್ಳಬೇಕೆಂದೆ. ಆದರೆ ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

“ತರೂದಾದ್ರ ಏರು ಹತ್ತೂ ಸೈಕಲ್ ತಾ” ಎಂದಳು. “ನಮ್ಮ ದಿಬ್ಬಾ ಒಮ್ಮೆ ನಡುವ ಇಳೀದಾಂಗ ಹತ್ತಬೇಕ್ ನಾ. ಹತ್ತಿದ್ರ ಸೈಕಲ್ ನಂದು. ಇಳದ್ನೆಪಾ ಅಂದ್ರ ನೀನ ಇಟಗೋ. ಮತ್ತ ಈ ಜನ್ಮದಾಗ ನನ್ನ ಮುಂದ ಸೈಕಲ್ ಸುದ್ದಿ ಎತ್ತಬ್ಯಾಡ.”

ನಗುತ್ತಲೇ ಹೇಳಿದಳು. ಆದರೆ ಇಬ್ಬರ ಪಾಟೀಚೀಲ ಹೊತ್ತ ಒಬ್ಬ ಉಪದ್ವ್ಯಾಪಿಯನ್ನು ವರ್ಷಗಟ್ಟಲೆ ದಿಬ್ಬ ಹತ್ತಿಸಿದವಳ ನಗೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಅವಳು ದಿಬ್ಬ ಹತ್ತಲೇಬೇಕು, ಸೈಕಲ್ ಅವಳದೇ ಆಗಬೇಕು ಎಂದು ಅಂದೇ ತೀರ್ಮಾನಿಸಿದೆ. 

ಅಂಗಡಿಯಿಂದ ಕಟ್ಟಿದ ಸೈಕಲ್ ತರಬಹುದಿತ್ತು. ಆದರೆ ಅದರ ಯಾವ ತಿರುಪನ್ನು ಯಾರು, ಯಾವ ಮನಃಸ್ಥಿತಿಯಲ್ಲಿ ಬಿಗಿದಿದ್ದಾರೋ ಯಾರಿಗೆ ಗೊತ್ತು? ನಾನೇ ಬಿಗಿದರೆ ಅದು ಸಡಿಲವಾಗಿದೆ ಎಂಬುದಾದರೂ ಖಾತ್ರಿಯಿರುತ್ತದೆ. ಹೀಗೆ ಯೋಚಿಸಿ, ಬಿಡಿಭಾಗ ತಂದು ನಾನೇ ಕಟ್ಟುವುದೆಂದು ಹೊರಟೆ. ಕೋಚಿಂಗ್ ಕ್ಲಾಸಿಗೆಂದು ಬಂದಿದ್ದ ಒಬ್ಬ ಪರೀಕ್ಷಾರ್ಥಿ ನೌಕರಿ ಸಿಕ್ಕು ಊರು ಬಿಡುವಾಗ ತನ್ನ ಗಾದಿ, ಟೇಬಲ್ ಫ್ಯಾನ್, ಸಾಮಾನ್ಯ ಜ್ಞಾನದ ಪುಸ್ತಕಗಳ ಜೊತೆ ಮೌಂಟನ್ ಬೈಕಿನ ಒಂದು ಹಸಿರು ಚೌಕಟ್ಟನ್ನೂ ಗಾಲಿಗಳನ್ನೂ ಬಿಡುತ್ತಿದ್ದ. ಅವನ್ನು ತಂದೆ. ಜ್ಞಾನ ಬಿಟ್ಟು ಬಂದೆ. ಉಳಿದ ಭಾಗಗಳು ಒಂದೊಂದಾಗಿ ಪಾರ್ಸೆಲ್ಲಿನಲ್ಲಿ ಬಂದವು. ಪಡಸಾಲೆಯಲ್ಲಿ ಹಳೆಯ ಜಮಖಾನೆ ಹಾಸಿ, ಮೂರು ತಿಂಗಳು, ರಜೆಯಿದ್ದ ಪ್ರತಿ ಶನಿವಾರ, ರವಿವಾರ ಅದರ ಮೇಲೆ ಕುಳಿತೆ.

ನನ್ನ ಹೆಂಡತಿ ರತ್ನ ತುಮಕೂರು ಕಡೆಯವಳು. ಇಪ್ಪತ್ತೆರಡು ವರ್ಷ ಧಾರವಾಡದ ನೀರು ಕುಡಿದರೂ ಭಾಷೆಯಲ್ಲಿ ಒಂದಕ್ಷರ ಬಿಟ್ಟುಕೊಟ್ಟವಳಲ್ಲ. “ಏನ್ರೀ, ಇದು ಸೈಕಲ್ಲಾ, ಇಲ್ಲಾ ಸಂಸಾರಾನಾ? ಎಷ್ಟು ಕಟ್ಟಿದ್ರೂ ಮುಗೀತಾನೇ ಇಲ್ವಲ್ಲ” ಎಂದು ಕೇಳಿಕೊಂಡು ದಾಟಿ ಹೋಗುತ್ತಿದ್ದಳು. ಬ್ರೇಕು ಕೂಡಿತು. ಹ್ಯಾಂಡಲ್ ಕೂಡಿತು. ಹ್ಯಾಂಡಲ್ ನೇರವಾಗಿದೆಯೇ ಎಂದು ನಾನು ಅಳತೆಪಟ್ಟಿ ಹಿಡಿದು ನೋಡಿದ್ದನ್ನು ಅವಳು ಫೋನಿನಲ್ಲಿ ತಂಗಿಗೆ ಹೇಳಿದ್ದು ನನಗೆ ಕೇಳಿಸಿತು. ಕೊನೆಗೆ ಚೈನು ಉಳಿಯಿತು.

ಏರು ಹತ್ತುವ ಸೈಕಲ್ಲಿನ ಗುಟ್ಟು ಇರುವುದು ಹಿಂದಿನ ಗಾಲಿಯಲ್ಲಿ. ಅಲ್ಲಿ ಒಂದರ ಪಕ್ಕ ಒಂದರಂತೆ ಹನ್ನೊಂದು ಹಲ್ಲುಚಕ್ರಗಳು. ಎಲ್ಲಕ್ಕೂ ಚಿಕ್ಕದು ಲಿಂಬೆಹೋಳಿನಷ್ಟು, ಎಲ್ಲಕ್ಕೂ ದೊಡ್ಡದು ಊಟದ ತಾಟಿನಷ್ಟು. ಚೈನು ದೊಡ್ಡ ಚಕ್ರಕ್ಕೆ ಹೋದಷ್ಟೂ ಕಾಲಿಗೆ ಹಗುರ. ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಲು ಕೆಳಗೆ ಜೋತುಬಿದ್ದ ಒಂದು ಕೈ ಇರುತ್ತದೆ. ಅದಕ್ಕೆ ಡಬ್ಬಿಯ ಮೇಲೆ ಡಿರೇಲರ್ ಎಂದು ಬರೆದಿತ್ತು. ಹಳೇ ಹುಬ್ಬಳ್ಳಿಯ ದಸ್ತಗೀರ್ ಮಿಸ್ತ್ರಿ ಅದನ್ನು ಮಂಗ್ಯಾ ಎನ್ನುತ್ತಾರೆ. ಚೈನು ಹಿಡಿದು ಜೋತಾಡುವುದನ್ನು ಕಂಡರೆ ಮಿಸ್ತ್ರಿ ಹೇಳುವುದೇ ಸರಿ ಎನಿಸುತ್ತದೆ.

ದಸ್ತಗೀರ್ ಮಿಸ್ತ್ರಿ ಎಪ್ಪತ್ತರ ಹತ್ತಿರದವರು. ಅವರ ಅಂಗಡಿಯಲ್ಲಿ ಒಬ್ಬರು ಕುಳಿತರೆ ಇನ್ನೊಬ್ಬರು ಗಲ್ಲಿಯಲ್ಲಿ ನಿಲ್ಲಬೇಕು, ಅಷ್ಟು ಜಾಗ. ನಾನು ಫೋನು ಮಾಡಿ ಚೈನಿನ ಅಳತೆ ಕೇಳಿದೆ.

“ಭಾಳ ಸರಳ ಐತ್ರಿ ಸಾಹೇಬ್ರ. ಮುಂದಿನ ಚಕ್ರದ ಮ್ಯಾಲ ಹಾಕ್ರಿ, ಹಿಂದಿನ ಎಲ್ಲಾದಕ್ಕಿಂತ ದೊಡ್ಡ ಚಕ್ರದ ಮ್ಯಾಲ ಹಾಕ್ರಿ, ಸುತ್ತ ತರ್ರಿ. ಮಂಗ್ಯಾನ ಒಳಗ ಹಾಯಸಬ್ಯಾಡ್ರಿ, ಅಂವನ್ನ ಹೊರಗ ಬಿಡ್ರಿ. ಎರಡೂ ತುದಿ ಕೂಡಿದ್ದಲ್ಲಿಂದ ಎರಡ ಕೊಂಡಿ ಹೆಚ್ಚಿಗಿ ಬಿಟ್ಟು ಕಡೀರಿ. ಆತು.”

“ಎರಡ ಯಾಕ್ರಿ ಮಿಸ್ತ್ರಿ?”

“ಮುಂದ ಮಂಗ್ಯಾ ಒಳಗ ಬರತಾನಲ್ರಿ, ಅಂವಗೂ ಉಸರಾಡಾಕ ಜಾಗಾ ಬೇಕು.”

“ನಾಕ ಬಿಟ್ರ?”

“ಜೋತ ಬೀಳತೈತ್ರಿ.”

“ಒಂದ ಬಿಟ್ರ?”

“ಸಾಹೇಬ್ರ,” ಎಂದರು ಮಿಸ್ತ್ರಿ ಸ್ವಲ್ಪ ತಡೆದು, “ಸೈಕಲ್ ಇಲ್ಲೇ ತಗೊಂಬರ್ರಲಾ.”

ನಾನು ಒಪ್ಪಲಿಲ್ಲ. ಇಷ್ಟು ಮಾಡಿದವನು ಚೈನೊಂದನ್ನು ಇನ್ನೊಬ್ಬರ ಕೈಯಲ್ಲಿ ಕೊಟ್ಟರೆ ಅಕ್ಕನ ಮುಂದೆ ನಾನೇ ಕಟ್ಟಿದೆ ಎನ್ನುವುದು ಹೇಗೆ? ಅಲ್ಲದೆ ಹೆಚ್ಚಿಗೆ ಬಿಡುವ ವಿಷಯದಲ್ಲಿ ನನಗೆ ಹುಟ್ಟಿನಿಂದ ಅನುಭವವಿದೆ. ಅಪ್ಪ ದೀಪಾವಳಿಗೆ ಅರಿವೆ ಹೊಲಿಸುವಾಗ ಸಿಂಪಿಗರಿಗೆ, “ಬೆಳಿಯೂ ಹುಡುಗ್ರಿ, ನಾಕ ಬಟ್ಟ ಹೆಚ್ಚಿಗಿ ಹಿಡೀರಿ” ಎಂದು ಹೇಳಿಯೇ ಬರುತ್ತಿದ್ದರು. ನನ್ನ ಚಡ್ಡಿ ಮೊಣಕಾಲಿನ ಕೆಳಗೆ, ಅಂಗಿಯ ತೋಳು ಬೆರಳಿನ ತುದಿಗೆ. ನಾನು ಅವರ ಅಂದಾಜಿನಂತೆ ಬೆಳೆಯಲಿಲ್ಲ. ಅರಿವೆ ಮೈಗೆ ಸರಿಯಾಗುವ ಹೊತ್ತಿಗೆ ಅದರ ಕುಂಡಿ ಹರಿದಿರುತ್ತಿತ್ತು. ಒಟ್ಟಿನಲ್ಲಿ ಅಳತೆಗಿಂತ ತುಸು ಹೆಚ್ಚಿರುವುದೇ ಅಳತೆ ಎಂದು ನಂಬಿ ದೊಡ್ಡವನಾದವನಿಗೆ ಎರಡು ಕೊಂಡಿ ತೀರ ಕಂಜೂಸು ಎನಿಸಿತು. ಆದರೂ ಮಿಸ್ತ್ರಿಯ ಮಾತು ಮೀರುವ ಧೈರ್ಯವಿರಲಿಲ್ಲ.

ಆ ಶನಿವಾರ ಮುಂಜಾನೆ ತಿಂಡಿ ಮುಗಿಸಿ ಚೈನಿನ ಡಬ್ಬಿ ಒಡೆದೆ. ಮರುದಿನ ಮುಂಜಾನೆ ಆರಕ್ಕೆ ದಿಬ್ಬದ ಬುಡಕ್ಕೆ ಬಾ ಎಂದು ಅಕ್ಕನಿಗೆ ಹೇಳಿಯಾಗಿತ್ತು. ಮಿಸ್ತ್ರಿ ಹೇಳಿದಂತೆ ಚೈನನ್ನು ಮುಂದೆ ಹಿಂದೆ ಸುತ್ತಿದೆ, ಮಂಗ್ಯಾನನ್ನು ಹೊರಗೆ ಬಿಟ್ಟೆ, ತುದಿಗಳು ಕೂಡಿದಲ್ಲಿಂದ ಎರಡು ಕೊಂಡಿ ಬಿಟ್ಟು ಅಲ್ಲಿ ಕೆಂಪು ದಾರ ಕಟ್ಟಿದೆ. ಅಲ್ಲಿ ಕಡಿದಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಆದರೆ ದಾರ ಜಾರಿದ್ದರೆ? ಈಗಿನ ಈ ತೆಳು ಚೈನುಗಳಲ್ಲಿ ಒಮ್ಮೆ ಹೊರಗೆ ದೂಡಿದ ಪಿನ್ನನ್ನು ಮತ್ತೆ ಹೊಡೆದು ಕೂಡಿಸುವಂತಿಲ್ಲ, ನಡುದಾರಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಮನೆಯಲ್ಲಿದ್ದುದು ಒಂದೇ ಚೈನು, ಅದರ ಎರಡು ತುದಿ ಕೂಡಿಸಲು ಡಬ್ಬಿಯಲ್ಲಿ ಬಂದದ್ದು ಒಂದೇ ಲಾಕು. ಎಣಿಸಿ ತಾಳೆ ನೋಡುವುದು ಒಳ್ಳೆಯದೆಂದುಕೊಂಡೆ. ಡಬ್ಬಿಯ ಮೇಲೆ ಲಾಕು ಸೇರಿ ನೂರಾ ಇಪ್ಪತ್ತಾರು ಕೊಂಡಿ ಎಂದಿತ್ತು. ನಮ್ಮ ಸೈಕಲ್ಲಿಗೆ ಬೇಕಾದದ್ದು, ಎರಡು ಸಲ ಎಣಿಸಿದ ಮೇಲೆ, ನೂರಾ ಹನ್ನೆರಡು ಎಂದು ಬಂತು. ಅಂದರೆ ತುದಿಯಿಂದ ಹದಿನಾಲ್ಕು ಕೊಂಡಿ ತೆಗೆಯಬೇಕು. ಎಣಿಸಿ ಎಣಿಸಿ ನನ್ನ ಕಣ್ಣಿನ ಮುಂದೆ ಕೊಂಡಿಗಳು ಇರುವೆ ಸಾಲಿನಂತೆ ಹರಿದಾಡತೊಡಗಿದ್ದವು. ರತ್ನಳನ್ನು ಕರೆದು ತುದಿಯಿಂದ ಹದಿನಾಲ್ಕು ಎಣಿಸಿ ಬೆರಳು ಹಿಡಿ ಎಂದೆ. ಅವಳು ಕೈ ಒರೆಸಿಕೊಂಡು ಕುಳಿತು ಮೆಲ್ಲಗೆ ತುಟಿಯೊಳಗೇ ಎಣಿಸಿದಳು. ಅವಳ ಬೆರಳು ದಾರ ದಾಟಿ ಎರಡು ಕೊಂಡಿ ಆಚೆ ಹೋಗಿ ನಿಂತಿತು.

“ಸರಿಯಾಗಿ ಎಣಿಸಿದೆಯೇನು?”

“ಹದಿನಾಲ್ಕು ಎಣಿಸೋಕೆ ಬರಲ್ವಾ ನಂಗೆ? ಬೇಕಾದ್ರೆ ಇನ್ನೊಂದ್ಸಲ ಎಣಿಸ್ತೀನಿ.”

ಎಣಿಸಿದಳು. ಮತ್ತೆ ಅಲ್ಲೇ ನಿಂತಿತು. ಈಗ ಒಂದು ಕಡೆ ದಾರ, ಇನ್ನೊಂದು ಕಡೆ ಬೆರಳು. ಹೊಲದಲ್ಲಿಯೂ ಹೀಗೇ ಆಗುತ್ತದೆ. ನೆಲದಲ್ಲಿ ಹುಗಿದ ಕಲ್ಲು ಒಂದು ಹೇಳುತ್ತದೆ, ಕಾಗದ ಇನ್ನೊಂದು ಹೇಳುತ್ತದೆ. ಕಲ್ಲು ಸರಿದಿರಬಹುದು, ಲೆಕ್ಕ ಸರಿಯುವುದಿಲ್ಲ ಎಂದು ನಮಗೆ ಕಲಿಸಿದ್ದಾರೆ. ಅಲ್ಲದೆ ದಾರ ಕಟ್ಟಿದವನು ನಾನು, ಎಣಿಸಿದವಳು ಅವಳು. ನಮ್ಮಿಬ್ಬರಲ್ಲಿ ಯಾರನ್ನು ನಂಬಬೇಕೆಂಬ ಪ್ರಶ್ನೆ ನಮ್ಮ ಮನೆಯಲ್ಲಿ ಎಂದೋ ಇತ್ಯರ್ಥವಾಗಿದೆ. ಚೈನ್ ಕಟ್ಟರ್ ಹಚ್ಚಿ ತಿರುವಿದೆ. ಟಕ್ ಎಂದು ಪಿನ್ನು ಉಚ್ಚಿ ಜಮಖಾನೆಯ ಮೇಲೆ ಬಿತ್ತು. ಮೂರು ತಿಂಗಳಲ್ಲಿ ನಾನು ಮಾಡಿದ ಅತ್ಯಂತ ನಿರ್ಧಾರದ ಕೆಲಸ ಅದು.

ಚೈನನ್ನು ಮಂಗ್ಯಾನೊಳಗೆ ಹಾಯಿಸಿ ಲಾಕು ಹಾಕಿ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಪೆಡಲ್ ತಿರುವಿದೆ. ಸಣ್ಣ ಚಕ್ರದಿಂದ ದೊಡ್ಡ ಚಕ್ರದ ಕಡೆಗೆ ಒಂದೊಂದಾಗಿ ಹತ್ತಿತು. ಹತ್ತನೆಯದಕ್ಕೆ ಹೋದಾಗ ಮಂಗ್ಯಾ ಕೈ ಚಾಚಿದ. ಹನ್ನೊಂದನೆಯದಕ್ಕೆ, ಆ ಊಟದ ತಾಟಿಗೆ, ಹಾಕಿದೆ. ಚೈನು ಬಿಗಿದ ತಂತಿಯಂತಾಗಿ, ಮಂಗ್ಯಾನ ಕೈ ಮೊದಲ ದಿನ ಸಾಲೆಗೆ ಎಳೆದೊಯ್ಯುವ ಕೂಸಿನ ಕೈಯಂತೆ ಚಾಚಿಕೊಂಡು, ಪೆಡಲ್ ಗಕ್ಕನೆ ನಿಂತಿತು. ಇನ್ನಷ್ಟು ತುಳಿದರೆ ಮುರಿಯುವುದೇ. ಏರು ಹತ್ತುವುದಕ್ಕೆಂದೇ ತಂದ ಚಕ್ರಕ್ಕೆ ಚೈನು ಮುಟ್ಟುತ್ತಿರಲಿಲ್ಲ. ಎರಡು ಕೊಂಡಿ ಕಡಿಮೆ.

ಕಡಿದ ತುಂಡನ್ನು ಎತ್ತಿಕೊಂಡು ಎಣಿಸಿದೆ. ಹದಿನಾರು.

“ರತ್ನಾ, ಇದರಾಗ ಎಷ್ಟದಾವು, ಜೋರಾಗಿ ಎಣಸು” ಎಂದೆ. ಗಾಬರಿಯಾದಾಗ ನಾನೂ ನನ್ನ ಭಾಷೆಗೇ ಹೋಗುತ್ತೇನೆ.

ಅವಳು ತುಂಡಿನ ತುದಿಯನ್ನು ಭಕ್ತಿಯಿಂದ ಹಿಡಿದು ಮೊದಲ ಕೊಂಡಿ ಮುಟ್ಟಿ “ಲಾಭ” ಎಂದಳು. ಎರಡನೆಯದನ್ನು ಮುಟ್ಟಿ “ಒಂದು” ಎಂದಳು. ಮೂರನೆಯದು “ಎರಡು”. ಹತ್ತರವರೆಗೆ ಹೋಗಿ, ಮತ್ತೆ “ಲಾಭ” ಎಂದು ಇನ್ನೊಂದನ್ನು ದಾಟಿ, ಮತ್ತೆ “ಒಂದು, ಎರಡು, ಮೂರು, ನಾಲ್ಕು.” ತುಂಡು ಮುಗಿಯಿತು. “ಹತ್ತು ನಾಲ್ಕು ಹದಿನಾಲ್ಕು. ನೋಡಿ” ಎಂದು ಕೈಗೆ ಕೊಟ್ಟಳು.

ಇಲ್ಲಿ ಸ್ವಲ್ಪ ನಮ್ಮ ಅವ್ವನ ವಿಷಯ ಹೇಳಬೇಕು. ಅವ್ವ ಕಾಳು ಅಳೆಯುವಾಗ ಒಂದು ಎನ್ನುತ್ತಿರಲಿಲ್ಲ. ನಮ್ಮ ಕಡೆ ರಾಶಿ ಅಳೆಯುವವರು ಯಾರೂ ಅನ್ನುವುದಿಲ್ಲ. ಮೊದಲ ಸೇರಿಗೆ ಲಾಭ, ಆಮೇಲೆ ಎರಡು, ಮೂರು. ಹತ್ತು ಆದ ಮೇಲೆ ಅವ್ವ ಒಂದು ಕಾಳಿನ ಗುಡ್ಡೆ ಬೇರೆ ಇಟ್ಟು ಮತ್ತೆ ಲಾಭದಿಂದ ಶುರು ಮಾಡುತ್ತಿದ್ದಳು. ಶುಭವಾಗಲಿ ಎಂದು ಬೆಳೆದ ರೂಢಿ. ನಾನು ಒಂದನೆಯ ಇಯತ್ತೆಯಲ್ಲಿ ಮಾಸ್ತರರು ಎಬ್ಬಿಸಿ ನಿಲ್ಲಿಸಿ ಅಂಕಿ ಹೇಳು ಎಂದಾಗ “ಲಾಭ, ಎರಡು, ಮೂರು” ಎಂದು ಗಟ್ಟಿಯಾಗಿ ಹೇಳಿದವನು. ಮಾಸ್ತರರು ನಕ್ಕು ನಕ್ಕು ಟೊಪ್ಪಿಗೆ ತೆಗೆದಿಟ್ಟರು. ವರ್ಷದ ಕೊನೆಯವರೆಗೆ ವರ್ಗದಲ್ಲಿ ನನ್ನ ಹೆಸರು ಲಾಭಪ್ಪ. ಹೀಗೆ ನನಗೆ ಲಾಭವೆಂದರೆ ಒಂದು ಎಂಬುದು ಅಂಗೈಮೇಲಿನ ಗೆರೆಯಷ್ಟು ಸ್ಪಷ್ಟ. ರತ್ನ ಮದುವೆಯಾಗಿ ಬಂದ ಮೇಲೆ ಅತ್ತೆ ಅಳೆಯುವುದನ್ನು ನೋಡಿ ಕಲಿತಳು. ಏನು ಕಲಿತಳೆಂದು ಯಾರೂ ಪರೀಕ್ಷಿಸಲಿಲ್ಲ.

“ಲಾಭ ಅಂದ್ರ ಒಂದು” ಎಂದೆ.

“ಒಂದು ಅಂದ್ರೆ ಒಂದು. ಲಾಭ ಅಂದ್ರೆ ಲಾಭ. ಚೀಟಿ ಮೇಲೆ ಶ್ರೀ ಅಂತ ಬರೀತಾರಲ್ಲ, ಹಾಗೆ ದೇವರ ಹೆಸರಲ್ಲಿ ಒಂದು. ಅದನ್ನ ಲೆಕ್ಕಕ್ಕೆ ಹಿಡೀತಾರಾ?”

“ಹಂಗಾದ್ರ ಅನ್ನಕ್ಕ ಅಕ್ಕಿ ಹಾಕೂವಾಗ?”

“ಅದೂ ಹಾಗೇನೇ. ಲಾಭ, ಆಮೇಲೆ ಒಂದು, ಎರಡು, ಮೂರು.”

ಇಪ್ಪತ್ತೆರಡು ವರ್ಷಗಳಿಂದ ನಮ್ಮ ಮನೆಯಲ್ಲಿ ರಾತ್ರಿ ಅನ್ನ ಉಳಿದು ಮುಂಜಾನೆ ಅದಕ್ಕೆ ಒಗ್ಗರಣೆ ಬೀಳುವುದಕ್ಕೆ ಕಾರಣ ತಿಳಿದು ನಾನು ಜಮಖಾನೆಯ ಮೇಲೆ ಕುಳಿತುಬಿಟ್ಟೆ. ಅವಳಿಗೂ ತಿಳಿಯಿತು. ಆಮೇಲೆ ಅವಳು, “ಅಕ್ಕನಿಗೆ ಏನು ಹೇಳ್ತೀರಾ?” ಎಂದಳು. ಅಷ್ಟರಲ್ಲಿ ಅಕ್ಕನದೇ ಫೋನು.

“ತಯಾರಾತೇನಲೇ?”

“ಆಗೇತಕ್ಕಾ.”

“ಧ್ವನಿ ಯಾಕ ಹಂಗೈತಿ?”

“ಬಗ್ಗಿ ಕುಂತಿದ್ದೆ.”

“ನೋಡ, ನಾ ಶೂ ತಗೊಂಡೇನಿ. ಕ್ಯಾನ್ವಾಸಿಂದು. ಇವತ್ತ ಮನಿತುಂಬ ಹಾಕ್ಕೊಂಡ ಅಡ್ಡಾಡಾಕತ್ತೇನಿ” ಎಂದಳು. ಆ ದಿಬ್ಬಕ್ಕೆಂದು ಐವತ್ತಾರು ವರ್ಷದ ಟೀಚರೊಬ್ಬಳು ಮನೆಯೊಳಗೆ ಶೂ ಹಾಕಿಕೊಂಡು ನಡೆಯುತ್ತಿದ್ದಳು. ನಾನು ಚೈನು ಬಿಚ್ಚಿ, ಕಡಿದ ತುಂಡಿನ ಸಮೇತ ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿ ಹುಬ್ಬಳ್ಳಿಗೆ ಹೊರಟೆ. ದಾರಿಯುದ್ದಕ್ಕೂ ಶನಿವಾರವೆಂದು ಮಿಸ್ತ್ರಿ ಅಂಗಡಿ ಮುಚ್ಚಿರಬಹುದೆಂದು ಚಿಂತಿಸಿದೆ. ಅವರು ಮುಚ್ಚುವುದು ಶುಕ್ರವಾರ ಮಧ್ಯಾಹ್ನ ಎಂಬುದು ಅಂಗಡಿ ಮುಟ್ಟಿದ ಮೇಲೆ ನೆನಪಾಯಿತು.

ಮಿಸ್ತ್ರಿ ಚಹಾ ಕುಡಿಯುತ್ತಿದ್ದರು. ಚೀಲ ಬಿಚ್ಚಿ ಎಲ್ಲ ಹೇಳಿದೆ. ಲಾಭದ ಮಾತು ಬಂದಾಗ ಬಸಿಯನ್ನು ಕೆಳಗಿಟ್ಟರು.

“ನಮ್ಮ ಅಬ್ಬಾನೂ ಜ್ವಾಳ ಅಳ್ಯಾಗ ಲಾಭ ಅಂತನ ಶುರು ಮಾಡ್ತಿದ್ರು. ಆದ್ರ ಲಾಭ ಅಂದು ಲುಕ್ಸಾನ ಮಾಡ್ಕೊಂಡವ್ರನ್ನ ಇವತ್ತ ನೋಡಿದ್ನಿ, ಸಾಹೇಬ್ರ.”

“ಕೂಡಸಾಕ ಬರತೈತೇನ್ರಿ? ಖರೇ ಹೇಳ್ರಿ. ನಾಳೆ ನಮ್ಮಕ್ಕ ದಿಬ್ಬಾ ಹತ್ತಾಕ್ಯದಾಳ. ನಡುವ ಇಳದ್ಲಂದ್ರ ಸೈಕಲ್ ಮುಟ್ಟೂದಿಲ್ಲ.”

ಮಿಸ್ತ್ರಿ ಚೈನನ್ನು ಬೆಳಕಿಗೆ ಹಿಡಿದು ನೋಡಿದರು. ಕಡಿದ ತುಂಡಿನಿಂದ ಒಂದೇ ಒಂದು ಕೊಂಡಿಯನ್ನು ಬಿಡಿಸಿದರು. ಖಾನೆಯಲ್ಲಿ ಹುಡುಕಿ ಒಂದು ಬೇರೆ ಲಾಕು ತೆಗೆದರು. ಒಂದು ಕೊಂಡಿ, ಒಂದು ಲಾಕು. ಎರಡೂ ಸೇರಿ ಎರಡು. “ಎರಡು ಲಾಕ ಇದ್ರ ಏನೂ ಆಗೂದಿಲ್ಲ, ಒಂದ್ಕಿಂತ ಎರಡ ಕಡೆ ಬಿಚ್ಚಾಕ ಬರತೈತಿ ಅಷ್ಟ” ಎಂದರು. ಧೈರ್ಯ ಹೇಳಲೆಂದು ಹೇಳಿದ್ದು. ಎರಡು ಕಡೆ ಬಿಚ್ಚಿಕೊಳ್ಳಲಿಕ್ಕೂ ಬರುತ್ತದೆ ಎಂದು ನಾನು ಅರ್ಥ ಮಾಡಿಕೊಂಡು ಧಾರವಾಡದವರೆಗೆ ಅದನ್ನೇ ಯೋಚಿಸಿದೆ. ಸಂಜೆ ಐದಕ್ಕೆ ಚೈನು ಹಾಕಿ ಪೆಡಲ್ ತಿರುವಿದೆ. ಹನ್ನೊಂದನೆಯ ಚಕ್ರಕ್ಕೆ ಹೋಯಿತು. ಮಂಗ್ಯಾ ಉಸಿರಾಡಿದ. ರತ್ನ ಎರಡೂ ಲಾಕುಗಳಿಗೆ ಕುಂಕುಮ ಹಚ್ಚಿದಳು. ನಾನು ಬೇಡವೆನ್ನಲಿಲ್ಲ.

ರವಿವಾರ ಮುಂಜಾನೆ ನಾವು ಸೈಕಲ್ ದೂಡಿಕೊಂಡು ದಿಬ್ಬದ ಬುಡಕ್ಕೆ ಹೋದಾಗ ಅಕ್ಕ ಆಗಲೇ ಬಂದಿದ್ದಳು. ಚೂಡಿದಾರ, ಬಿಳಿ ಶೂ, ವ್ಯಾನಿಟಿ ಬ್ಯಾಗನ್ನು ಅಡ್ಡಲಾಗಿ ಹಾಕಿಕೊಂಡಿದ್ದಳು. ದಿಬ್ಬಕ್ಕೆ ಈಗ ಅಗಲದ ಡಾಂಬರು. ಹುಣಸೆಮರಗಳು ಉಳಿದದ್ದು ಮೂರು, ಅವುಗಳಿಗೂ ಕೋಚಿಂಗ್ ಕ್ಲಾಸುಗಳ ಬೋರ್ಡು ಹೊಡೆದಿದ್ದಾರೆ. ನಾನು ಗೇರಿನ ಗುಂಡಿ ತೋರಿಸಿ, “ಇದನ್ನ ಒತ್ತಿದ್ರ ದೊಡ್ಡದಕ್ಕ ಹೋಗತೈತಿ. ಎಲ್ಲಾದಕ್ಕಿಂತ ದೊಡ್ಡದಕ್ಕ ಹಾಕು, ಭಾಳ ಹಗುರ ಆಗತೈತಿ” ಎಂದು ಮೂರು ಸಲ ಹೇಳಿದೆ. “ಬ್ರೇಕ್ ಎರಡೂ ಹಿಡಿ. ಲಾರಿ ಬಂದ್ರ—”

“ಲಾರಿ ಬಂದ್ರ ಅದಕ್ಕೂ ಗೇರ್ ಇರತಾವು” ಎಂದು ಅಕ್ಕ ಹೊರಟಳು.

ಮೊದಲು ಹ್ಯಾಂಡಲ್ ಅತ್ತಿತ್ತ ಆಡಿತು. ಆಮೇಲೆ ನೇರವಾಯಿತು. ಮೊದಲ ಹುಣಸೆಮರ ದಾಟಿದಳು. ಚೈನಿನ ಸಪ್ಪಳಕ್ಕೆ ಕಿವಿಗೊಟ್ಟು ನಾನು ಹಿಂದೆ ನಡೆಯತೊಡಗಿದೆ. ಎರಡನೆಯ ಮರದ ಹತ್ತಿರ ಸೈಕಲ್ ನಿಧಾನವಾಯಿತು. ಎಷ್ಟು ನಿಧಾನವೆಂದರೆ ಪಕ್ಕದಲ್ಲಿ ಹಾಲಿನ ಕ್ಯಾನು ಹಿಡಿದು ನಡೆಯುತ್ತಿದ್ದ ಮುದುಕರೊಬ್ಬರು ಅವಳನ್ನು ದಾಟಿ ಮುಂದೆ ಹೋದರು. “ದೊಡ್ಡದಕ್ಕ ಹಾಕಕ್ಕಾ!” ಎಂದು ಕೂಗಿದೆ. ಅಕ್ಕ ಗುಂಡಿ ಒತ್ತಲಿಲ್ಲ. ಸೀಟಿನಿಂದ ಎದ್ದು ನಿಂತಳು. ಬಲಗಾಲು ಪೆಡಲ್ಲಿನಿಂದ ಜಾರಿತು. ನಾನು ಕಣ್ಣು ಮುಚ್ಚಿಕೊಂಡೆ.

“ಇಳೀಲಿಲ್ಲ ಕಣ್ರೀ” ಎಂದಳು ಹಿಂದಿನಿಂದ ರತ್ನ.

ಕಣ್ಣು ತೆರೆದೆ. ಕಾಲು ಮತ್ತೆ ಪೆಡಲ್ಲಿನ ಮೇಲಿತ್ತು. ಅಕ್ಕ ಹಾಲಿನವರನ್ನು ದಾಟಿದಳು, ಮೂರನೆಯ ಮರ ದಾಟಿದಳು, ದಿಬ್ಬದ ನೆತ್ತಿಯಲ್ಲಿ ಅವಳ ಬೆನ್ನು ಕಂಡಿತು, ಆಮೇಲೆ ಬರೀ ಓಢಣಿ, ಆಮೇಲೆ ಏನೂ ಇಲ್ಲ.

ನಾನು ಏದುಸಿರು ಬಿಡುತ್ತ, ನಡುವೆ ಎರಡು ಕಡೆ ನಿಂತು, ಮೇಲೆ ಮುಟ್ಟಿದೆ. ಅಕ್ಕ ಸೈಕಲ್ಲಿನ ಮೇಲೆಯೇ ಕುಳಿತಿದ್ದಳು, ಒಂದು ಕಾಲನ್ನು ಮೋರಿಯ ಕಟ್ಟೆಯ ಮೇಲೆ ಊರಿಕೊಂಡು. ಮುಖ ಕೆಂಪಾಗಿತ್ತು. “ಇದು ಇಳದಂಗಲ್ಲ. ಮ್ಯಾಲ ಬಂದ ಮ್ಯಾಲ ಕಾಲ ಇಟ್ಟೇನಿ” ಎಂದಳು.

“ಯಾರು ಇಳದೀ ಅಂದ್ರು?” ಎಂದೆ. ಬಗ್ಗಿ ಹಿಂದಿನ ಗಾಲಿ ನೋಡಿದೆ. ಚೈನು ಎಂಟನೆಯ ಚಕ್ರದ ಮೇಲಿತ್ತು. ಹನ್ನೊಂದನೆಯದರ ಹಲ್ಲುಗಳಿಗೆ ಎಣ್ಣೆಯ ಕಲೆ ಕೂಡ ಹತ್ತಿರಲಿಲ್ಲ; ನಾನು ಒರೆಸಿಟ್ಟ ಹಾಗೇ ಇತ್ತು.

“ಅಕ್ಕಾ, ದೊಡ್ಡದಕ್ಕ ಹಾಕೇ ಇಲ್ಲಲಾ ನೀ! ಅದರ ಸಲುವಾಗಿ ನಾ ನಿನ್ನೆ ಇಡೀ ದಿನಾ—”

“ಇರ್ಲಿ ಬಿಡ” ಎಂದಳು ಅಕ್ಕ, ಮೋರಿಯ ಕಟ್ಟೆಯನ್ನು ಕಾಲಿನಿಂದ ಒತ್ತಿ ಸೈಕಲ್ಲನ್ನು ಮುಂದಕ್ಕೆ ಬಿಡುತ್ತ. “ಅದು ಮುಂದ ವಯಸ್ಸಾದ ಮ್ಯಾಲ ಬೇಕಾಗತೈತಿ.”